ಹಾರ ಹಾಕಿದ ಫೋಟೋ

ಸೊಟ್ಟಗೆ ನೇತು ಹಾಕಿದ್ದಾರೆ, ಎಡಕ್ಕೆ ವಾಲಿದೆ, ಬದುಕಿದ್ದಾಗ ನನ್ನನ್ನು ಕ್ಯಾಮೆರಾದ ಅಂಚಿಗೆ ತಳ್ಳಿದವರು ಸತ್ತ ಮೇಲಾದರೂ ನೆಟ್ಟಗೆ ಇಡಬಾರದೇ — ಸತ್ತದ್ದು ಅಂದರೆ ಧಾರಾವಾಹಿಯಲ್ಲಿ, ದೊಡ್ಡ ಮನೆತನದ ಅಜ್ಜಿ, ಎದೆನೋವು, ಎರಡು ಕೆಮ್ಮು, ಮುಗಿಯಿತು, ಈಗ ದೇಶಪಾಂಡೆ ನಗರದ ಈ ಬಾಡಿಗೆ ಬಂಗಲೆಯ ನಡುಮನೆಯಲ್ಲಿ ನಾನೊಂದು ಫೋಟೋ, ಮೇಲೆ ಶ್ರೀಗಂಧದ ಹಾರ, ಅದರ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಮತ್ತೆ ನಾನೇ, ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದಾರೆ, ಅಮ್ಮಿನಬಾವಿಯಿಂದ ತಮ್ಮನ ಹೆಂಡತಿ ಮುತ್ತವ್ವ ಮಾಡಿದ ಫೋನು ಇನ್ನೂ ಕಿವಿಯಲ್ಲೇ ಇದೆ, ಅಕ್ಕಾರ, ಅತ್ತಿ ಮಾತ ಕೇಳವಲ್ರು, ನಿಮ್ಮ ಫೋಟೋ ಬಂತಂದ್ರ ಸಾಕು, ಗ್ವಾಡಿ ಹಿಡಕೊಂಡು ಎದ್ದು ಹೋಗಿ ಟಿವಿ ಗಾಜಿನ ಮ್ಯಾಲ ಅಂಗೈ ಇಡ್ತಾರ, ಹಾರದ ಮ್ಯಾಲಷ್ಟ, ಮುಖ ಕಾಣಬೇಕಂತ, ಹಾರ ಕಾಣಬಾರದಂತ. ಬದುಕಿದ್ದವರ ಫೋಟೋಕ್ಕ ಯಾರರ ಹಾರ ಹಾಕ್ತಾರೇನು, ಮುತ್ತೈದಿ ಅದಾಳ ನನ್ನ ಮಗಳು, ಅಂತಾಳಂತೆ ಅವ್ವ, ನಾಟಕ ಐತ್ರಿ ಅತ್ತಿ ಅಂದರೆ ನಾಟಕದಾಗೂ ಬ್ಯಾಡ ಅಂತಾಳಂತೆ. ಏನು ಹೇಳಲಿ ಈ ಮುದುಕಿಗೆ, ಎಂಬತ್ತು ದಾಟಿದೆ, ಸುಮ್ಮನೆ ಕೂತು ನೋಡಬಾರದೇ, ಬಿದ್ದು ಗಿದ್ದು ಸೊಂಟ ಮುರಿದುಕೊಂಡರೆ ಯಾರು ನೋಡಬೇಕು.

ಬೆಳಿಗ್ಗೆ ಡೈರೆಕ್ಟರ್ ಕಲ್ಲೇಶನಿಗೆ ಹೇಳಿದೆ, ಸರ್, ಹಾರ ಒಂದು ತಗೀರಿ — ನನ್ನ ಮಗಳ ವಯಸ್ಸಿನವನು, ಅವನಿಗೂ ಸರ್ ಅನ್ನಬೇಕು, ಕರ್ಮ — ಹಾರ ತಗದ್ರ ಸತ್ತದ್ದು ಹೆಂಗ ಗೊತ್ತಾಗಬೇಕ್ರಿ ಅಕ್ಕಾರ, ಬ್ಯಾಡಂದ್ರ ಫೋಟೋನ ತಗದು ಅಲ್ಲೊಂದು ಗಡಿಯಾರ ಹಾಕಿಬಿಡ್ತೇನಿ, ಊಟ ಆದಮ್ಯಾಲೆ ಹೇಳ್ರಿ, ಅಂದ. ಗಡಿಯಾರವಂತೆ! ನಾಟಕ ಕಂಪನಿಯಲ್ಲಿ ರಾಣಿಯಾಗಿದ್ದವಳು ನಾನು, ಟಿವಿಗೆ ಬಂದ ಮೇಲೆ ಸೂಲಗಿತ್ತಿ, ಪಕ್ಕದ ಮನೆಯಾಕೆ, ಚಹಾ ತರುವಾಕೆ, ನಾಯಕಿ ಅಳುವಾಗ ಹಿಂದೆ ನಿಂತು ಸೆರಗು ಕಚ್ಚುವಾಕೆ, ಒಂದು ಸಲವಂತೂ ಬರೀ ಮೊಣಕೈ ಬಂತು, ಅವ್ವ ಅದನ್ನೂ ಗುರುತು ಹಿಡಿದು ಓಣಿಯವರನ್ನೆಲ್ಲಾ ಕರೆದಳು, ನೋಡ್ರಿ, ನಮ್ಮ ದಾಕ್ಷಾಯಿಣಿ ಕೈ. ಈಗ ದಿನಾ ಬರುತ್ತೇನೆ, ತೆರೆತುಂಬ, ನಾಯಕಿ ಕೈ ಮುಗಿಯುತ್ತಾಳೆ, ನಾಯಕ ಅತ್ತು ಸಲಹೆ ಕೇಳುತ್ತಾನೆ, ಸಂತೆಯಲ್ಲಿ ಬದನೆಕಾಯಿ ಮಾರುವಾಕೆ ಎದ್ದು ನಿಂತು ಅಜ್ಜೀ, ಅಲ್ಲಲ್ಲ ಅಮ್ಮಾರ, ನೀವು ಸಾಯಬಾರದಿತ್ತು ಅನ್ನುತ್ತಾಳೆ — ಇದನ್ನು ಬಿಟ್ಟುಕೊಡಬೇಕೇ, ಗಡಿಯಾರಕ್ಕೆ, ಈ ವಯಸ್ಸಿನಲ್ಲಿ ಇಂಥ ಆಸೆ ನಾಚಿಕೆಗೇಡು, ಇರಲಿ, ನನಗೆ ಬೇಕು.

ಆದರೆ ಅವ್ವ, ಆ ಅಂಗೈ, ಥೂ, ತೆಗೆದೇ ಬಿಡುತ್ತೇನೆ, ಇಗೋ ಸ್ಟೂಲು, ಸುಡುಗಾಡು ಸ್ಟೂಲು ಅಲುಗಾಡುತ್ತದೆ, ಮಂಡಿ ಚುಳುಕ್ ಅಂತು, ಹತ್ತಿದೆ, ಕೈ ಹಾರದ ಮೇಲಿದೆ, ಧೂಳು ಮೂಗಿಗೆ ಬರುತ್ತದೆ, ಹಿಂದಿನಿಂದ ಸೆಟ್ ನೋಡಿಕೊಳ್ಳುವ ಕಮರುದ್ದೀನ, ಅಕ್ಕಾರ, ಹುಷಾರ್ರಿ, ಹಾರ ನಾ ತಗೀಲೇನ್ರಿ? ಹೂಂ ಅಂದರೆ ಮುಗಿಯಿತು, ಹೂಂ ಅನ್ನು, ಬಾಯಿ ತೆರೆದೆ — ಬ್ಯಾಡೋ, ಸೊಟ್ಟ ಆಗಿತ್ತು, ನೆಟ್ಟಗ ಮಾಡಾಕತ್ತೇನಿ. ಮಾಡಿದೆ. ಹಾರವನ್ನೂ ಎರಡೂ ಕಡೆ ಸಮ ಇಳಿಬಿಟ್ಟೆ, ಛಲೋ ಕಾಣುತ್ತದೆ, ಇನ್ನೊಂದು ವಾರಕ್ಕೆ ಟಿವಿಯಲ್ಲಿ ಬರುತ್ತದೆ, ಅವ್ವ ಗೋಡೆ ಹಿಡಿದು ಏಳುತ್ತಾಳೆ, ಹಾರ ನಿನ್ನೆಯ ಜಾಗದಲ್ಲಿಲ್ಲ, ಹುಡುಕುತ್ತಾಳೆ, ಗಾಜಿನ ಮೇಲೆ ಆ ಕಡೆ ಈ ಕಡೆ ಸರಿಯುತ್ತದೆ ಅಂಗೈ, ಅವ್ವನ ಅಂಗೈ —