ಲಿನೆಟ್ ಕುಲುಕಿದ ಶೀಶೆ

ಡೆಸ್ಮಂಡ್ ಥರ್ಲೋ ಸಿಗರೇಟು ಬಿಟ್ಟ ಕಥೆ ಇಂಗ್ಲೆಂಡಿನ ಹಲ್ ನಗರದ ಬಸ್ ಡಿಪೋದಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅವನೇ ಹೇಳಿ ಹೇಳಿ ಹಾಗಾಗಿತ್ತು. ಹೆಚ್ಚು ಮಾತಿನ ಮನುಷ್ಯನಲ್ಲ ಅವನು. ಸ್ಟೀರಿಂಗ್ ಹಿಂದೆ ಕೂತರೆ ಇಡೀ ಪಾಳಿಯನ್ನು ತಲೆಯಾಡಿಸುವುದರಲ್ಲೇ ಮುಗಿಸುವವನು. ಆದರೆ ಹೆಸ್ಲ್ ರಸ್ತೆಯ ಲಿನೆಟ್‌ಳ ವೇಪ್ ಅಂಗಡಿಯ, ಅಂದರೆ ಇ-ಸಿಗರೇಟಿನ ಅಂಗಡಿಯ ಮಾತು ಬಂದರೆ, ಕೈಯಲ್ಲಿನ ಟೀ ಆರಿ ತಣ್ಣಗಾದರೂ ನಿಲ್ಲಿಸುತ್ತಿರಲಿಲ್ಲ.

ಹುಡುಗನಾಗಿದ್ದಾಗಿನಿಂದ ಸೇದಿದ ಸಿಗರೇಟು. ಮೆಟ್ಟಿಲು ಹತ್ತಿದರೆ ಎದೆ ಸೀಟಿ ಹೊಡೆಯುತ್ತಿತ್ತು. ಪುದೀನ, ಮಾವು, ತಂಬಾಕಿನ ವಾಸನೆಯದು, ವೇಪಿಗೆ ಹಾಕುವ ಎಲ್ಲ ಬಗೆಯ ಲಿಕ್ವಿಡ್ ಎಳೆದು ನೋಡಿ ಮತ್ತೆ ಸಿಗರೇಟಿಗೇ ಮರಳಿದ್ದ. ಆಗ ಲಿನೆಟ್ ಕೌಂಟರಿನ ಮೇಲೆ ಮೊಣಕೈ ಊರಿ, "ಚಿಕ್ಕೋನಿದ್ದಾಗ ಏನ್ ತಿಂದ್ರೆ ಖುಷಿಯಾಗ್ತಿತ್ತು ನಿಂಗೆ?" ಎಂದು ಕೇಳಿದ್ದಳು. ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಬಿಟ್ಟುಹೋದ ಹೆಂಡತಿಯೂ ಕೇಳಿರಲಿಲ್ಲ. ಅಜ್ಜಿ ಹಿತ್ತಲಿನ ರೂಬಾರ್ಬ್‌ನ ಹುಳಿ ದಂಟಿಗೆ ಸಕ್ಕರೆ, ಸೋಂಪು ಹಾಕಿ ಬೇಯಿಸುತ್ತಿದ್ದುದನ್ನು ಹೇಳಿದ.

"ಒಂದ್ ವಾರ ಕೊಡು, ನೋಡ್ತೀನಿ" ಎಂದಳು.

ವಾರ ಕಳೆದು ಅವನು ಹೋದಾಗ ಶೀಶೆಯೊಂದನ್ನು ಮುಂದಿಟ್ಟು, ಅವನ ಕಣ್ಣೆದುರೇ ಅದಕ್ಕೆ ನಿಕೋಟಿನ್ ಸುರಿದು, ಮುಚ್ಚಳ ಬಿಗಿದು, ಕಿವಿಯ ಪಕ್ಕ ಹಿಡಿದು ಚೆನ್ನಾಗಿ ಕುಲುಕಿ ಕೊಟ್ಟಳು. ಮೇಲೊಂದು ಬಿಳಿ ಚೀಟಿ. ಅದರಲ್ಲಿ ಅವಳ ದುಂಡು ಅಕ್ಷರದಲ್ಲಿ 'ಡೆಸ್' ಎಂದಿತ್ತು.

ಅಂದಿನಿಂದ ಅವನು ಸಿಗರೇಟು ಮುಟ್ಟಿಲ್ಲ.

"ನಿಂಗಂತಾನೇ ಮಾಡ್ತಾಳಾ? ರಾಜಂಗೂ ಇಂಥ ಉಪಚಾರ ಇಲ್ಲ ಕಣಯ್ಯಾ. ಮದುವೆ ಯಾವಾಗ?" ಎಂದು ಡಿಪೋದ ಗ್ಯಾವಿನ್ ಕಾಡುತ್ತಿದ್ದ.

"ನೀನು ಆನ್‌ಲೈನಲ್ಲೇ ತರಿಸ್ಕೊಂಡು ಸಾಯಿ. ಅಲ್ಲಿ ನಿನ್ನ ಬಾಯಿರುಚಿ ಯಾರ್ ಕೇಳ್ತಾರೆ?" ಎನ್ನುತ್ತಿದ್ದ ಡೆಸ್.

ಮಗಳು ಕಾರ್ಲಾಳದ್ದೂ ಅದೇ ರಾಗ. "ಅಪ್ಪಾ, ಆ ಲಿನೆಟ್ ನಿನ್ನ ಚೆನ್ನಾಗಿ ಬೋಳಿಸ್ತಿದಾಳೆ" ಎಂದು ಫೋನಿನಲ್ಲಿ ರೇಗಿಸಿ, ಅವನ ಹುಟ್ಟುಹಬ್ಬಕ್ಕೆ ಆನ್‌ಲೈನಿಂದಲೇ ಬಗೆಬಗೆಯ ಲಿಕ್ವಿಡ್ಡಿನ ಪೆಟ್ಟಿಗೆ ಕಳಿಸಿದಳು. ಅವನು ಅದನ್ನು ಬಿಚ್ಚದೆ ಕಿಟಕಿಯ ಹಲಗೆಯ ಮೇಲಿಟ್ಟ. ಬಿಚ್ಚುವುದೇ ಲಿನೆಟ್‌ಗೆ ಮಾಡುವ ದ್ರೋಹವೆಂದು ಅವನಿಗನಿಸಿತ್ತು.

ಭಾನುವಾರ ಅವನ ಶೀಶೆ ಖಾಲಿಯಾಯಿತು. ಅಂದು ಲಿನೆಟ್ ಅಂಗಡಿ ತೆಗೆಯುವುದಿಲ್ಲ. ಸಿಗರೇಟಿನ ಚಪಲ ಎದ್ದು ಕೂತಾಗ ಬೇರೆ ದಾರಿ ಕಾಣದೆ ಪೆಟ್ಟಿಗೆ ಬಿಚ್ಚಿದ. ಒಂದರ ಮೇಲೆ ಕೆಂಪು ದಂಟಿನ ಚಿತ್ರವಿತ್ತು. ವೇಪಿಗೆ ಲಿಕ್ವಿಡ್ ಕಾಯಿಸುವ ಹೊಸ ಕಾಯಿಲ್ ಹಾಕಿ, ಅದರ ಹತ್ತಿ ನೆನೆಯುವವರೆಗೆ ಕಾದು, ಹಿತ್ತಲ ಬಾಗಿಲಲ್ಲಿ ನಿಂತು ಎಳೆದ.

ಅದು ಅವನದೇ ರುಚಿ. ಮೊದಲು ಹುಳಿ, ಆಮೇಲೆ ಸಕ್ಕರೆ, ಉಸಿರು ಬಿಡುವಾಗ ಮೂಗಿನಲ್ಲಿ ಸೋಂಪು.

ನಾಲಿಗೆ ಸತ್ತಿರಬೇಕು ಎಂದುಕೊಂಡ. ಒಂದೇ ರುಚಿ ಎಳೆಯುವವರಿಗೆ ಹಾಗಾಗುವುದುಂಟು. ಕಾಫಿ ಕುಡಿದು, ಬಾಯಿ ಮುಕ್ಕಳಿಸಿ, ಮತ್ತೆ ಎಳೆದ. ಅದೇ. ಆಗ ಅವನಿಗೆ ಸಿಟ್ಟು ಬಂತು. ಲಿನೆಟ್ ಮೇಲಲ್ಲ.

ಮರುದಿನ ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಅಂಗಡಿಗೆ ನುಗ್ಗಿದ. "ಲಿನೆಟ್, ನಿನ್ನ ಲಿಕ್ವಿಡ್ ಯಾರೋ ಕದ್ದಿದಾರೆ."

ಅವಳು ನಕ್ಕಳು. "ಒಳ್ಳೇದಾಯ್ತು ಬಿಡು, ಕಪಾಟಿನ ಧೂಳಾದ್ರೂ ಕಮ್ಮಿ ಆಗತ್ತೆ."

"ತಮಾಷೆಯಲ್ಲ ಮಾರಾಯ್ತಿ. ನಂಗೆ ಮಾಡ್ಕೊಡ್ತೀಯಲ್ಲ, ಅದನ್ನೇ ಯಾವನೋ ಆನ್‌ಲೈನಲ್ಲಿ ಮಾರ್ತಿದಾನೆ! ಹೆಂಗ್ ಮಾಡೋದು ಅಂತ ಯಾರಿಗಾದ್ರೂ ಹೇಳಿದ್ಯಾ? ಲಾಯರ್ ಹತ್ರ ಹೋಗೋಣ. ನಾನ್ ಸಾಕ್ಷಿ ಹೇಳ್ತೀನಿ."

ಜೇಬಿನಿಂದ ಶೀಶೆ ತೆಗೆದು ಕೌಂಟರಿನ ಮೇಲಿಟ್ಟ. ಅವಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಮಾಡಿದವರು ಯಾರೆಂದು ತಿರುಗಿಸಿ ಓದಲಿಲ್ಲ. ಮೊದಲ ಸಲ ಕಾಣುವ ವಸ್ತುವನ್ನು ಯಾರೂ ಹಾಗೆ ನೋಡುವುದಿಲ್ಲ.

ಡೆಸ್‌ಗೆ ಅವಳು ನಿಂತ ಬಗೆಯ ಪರಿಚಯವಿತ್ತು. ಅವಧಿ ಮುಗಿದ ಪಾಸು ತೋರಿಸಿ, ಡ್ರೈವರ್ ದಿನಾಂಕ ನೋಡದಿರಲಿ ಎಂದು ಕಾಯುವವರು ಹೀಗೆಯೇ ನಿಲ್ಲುತ್ತಾರೆ.

"ಡೆಸ್, ಕೂತ್ಕೊ."

"ನಿಂತಿರ್ತೀನಿ."

"ನಾನೇ ಮಾಡಿದ್ದು ಅಂತ ಯಾವತ್ತೂ ಹೇಳಿಲ್ಲ ನಾನು."

ಅವನು ನೆನಪು ಮಾಡಿಕೊಂಡ. ನಿಜ, ಹೇಳಿರಲಿಲ್ಲ. ಅವಳು ಕುಲುಕಿದ್ದಳು, ಅಷ್ಟೆ. ಕಂಪನಿಯಿಂದ ಖಾಲಿ ಜಾಗ ಬಿಟ್ಟು ಬರುವ ಶೀಶೆಗೆ ನಿಕೋಟಿನ್ ಸೇರಿಸಿ ಯಾವ ಅಂಗಡಿಯವರೂ ಕುಲುಕಿ ಕೊಡುತ್ತಾರೆ. ಕುಲುಕಿದ್ದನ್ನೇ ಅವನು ಮಾಡಿದ್ದೆಂದುಕೊಂಡಿದ್ದ.

"ಮತ್ತೆ ಆ ಚೀಟಿ?"

"ಕಂಪನಿಯೋರದ್ದು ಕಿತ್ತೆ. ನಂದು ಅಂಟಿಸ್ದೆ."

"ಒಂದ್ ವಾರ ಬೇಕು ಅಂದಿದ್ದೆ."

ಲಿನೆಟ್ ಕೌಂಟರಿನ ಗಾಜು ಒರೆಸತೊಡಗಿದಳು. "ಪಾರ್ಸೆಲ್ ಬರ್ಬೇಕಿತ್ತು."

ಆ ವಾರವನ್ನು ಅವನು ಎಷ್ಟೋ ಸಲ ಕಣ್ಮುಂದೆ ತಂದುಕೊಂಡಿದ್ದ. ಹಿಂದಿನ ಕೋಣೆಯಲ್ಲಿ ಅವಳು ಹನಿ ಹನಿ ಬೆರೆಸಿ, ಸರಿಬರದೆ ಚೆಲ್ಲಿ, ತಾನು ಕಾಣದ ಅಜ್ಜಿಯೊಬ್ಬಳ ಪಾತ್ರೆಯನ್ನು ಊಹಿಸಿಕೊಂಡು ಮತ್ತೆ ಬೆರೆಸುತ್ತಿರುವುದು. ಬದುಕಿನಲ್ಲಿ ಒಂದು ವಾರ ಯಾರೋ ಅವನನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಅದೀಗ ದಾರಿಯಲ್ಲಿದ್ದ ರಟ್ಟಿನ ಡಬ್ಬಿಯಾಯಿತು.

"ಆ ಬಾಟ್ಲಿ ಹಂಗೇ ಕೊಟ್ಟಿದ್ರೆ ನೀನು ಎರಡ್ ದಿನ ಎಳೆದು ಬಿಸಾಕ್ತಿದ್ದೆ, ಮಿಕ್ಕಿದ್ದೆಲ್ಲ ಬಿಸಾಕಿದ ಹಂಗೆ. ನಿಂಗೋಸ್ಕರ ಮಾಡಿದ್ದು ಅಂತ ನೀನು ಅಂದ್ಕೊಂಡೆ, ಗಟ್ಟಿಯಾಗಿ ನಿಂತೆ. ಬಿಟ್ಯೋ ಇಲ್ವೋ ಸಿಗರೇಟು?" ಎಂದಳು ಲಿನೆಟ್.

"ಬಿಟ್ಟೆ."

"ಮತ್ತೆ?"

"ಊರಿಗೆಲ್ಲ ಹೇಳ್ಕೊಂಡ್ ಬಂದೆನಲ್ಲ ಲಿನೆಟ್. ಇಲ್ಲೇ, ನಿನ್ನ ಗಿರಾಕಿಗಳಿಗೂ ಹೇಳ್ದೆ. ನೀನು ಕೇಳಿಸ್ಕೊಂಡು ನಿಂತಿರ್ತಿದ್ದೆ" ಎಂದ.

ಬಾಗಿಲು ತೆರೆಯಿತು. ಆಸ್ಪತ್ರೆಯ ಅಡುಗೆಮನೆಯ ಉಡುಪಿನ ಹೆಂಗಸೊಬ್ಬಳು ಒಳಬಂದಳು. ಈಗಷ್ಟೇ ಸಿಗರೇಟು ಆರಿಸಿ ಬಂದ ವಾಸನೆ.

"ಇದನ್ನ ಬಿಡ್ಲೇಬೇಕಮ್ಮಾ" ಎಂದು ಲಿನೆಟ್‌ಗೆ ಹೇಳಿ, ಡೆಸ್ ಕಡೆ ತಿರುಗಿದಳು. "ನೀವು ಇಲ್ಲೇ ತಗೊಳ್ಳೋದಾ? ಏನಾದ್ರೂ ಪ್ರಯೋಜನ ಇದ್ಯಾ? ಆನ್‌ಲೈನಲ್ಲಿ ತರಿಸ್ಕೊ, ಅಂಗಡಿಯೋರೆಲ್ಲ ಕಳ್ರು ಅಂತಾನೆ ನನ್ನ ಗಂಡ."

ಲಿನೆಟ್‌ಳ ಒರೆಸುವ ಕೈ ನಿಂತಿತು.

ಕೆಂಪು ದಂಟಿನ ಚಿತ್ರದ ಶೀಶೆ ಇನ್ನೂ ಕೌಂಟರಿನ ಮೇಲಿತ್ತು. ಒಂದು ಮಾತು ಸಾಕಿತ್ತು. ಹೆಂಗಸಿನ ಬೆರಳುಗಳು ಹಳದಿಗಟ್ಟಿದ್ದವು; ಉತ್ತರಕ್ಕೆ ಕಾಯುತ್ತಲೇ ಅವಳು ಕೆಮ್ಮಿದಳು, ಡೆಸ್‌ನ ಹಳೆಯ ಕೆಮ್ಮು. ಅವನು ಶೀಶೆಯನ್ನು ಎತ್ತಿ ಜೇಬಿಗಿಳಿಸಿದ.

"ಬಿಡೋಕಾಗತ್ತೆ. ನಾನು ಇಲ್ಲಿ ಬಂದೇ ಬಿಟ್ಟೆ" ಎಂದ.

ಲಿನೆಟ್‌ಳ ಮುಖ ಸಡಿಲವಾಯಿತು. ಹೆಂಗಸಿನ ಹೆಗಲ ಮೇಲಿಂದ ಅವನತ್ತ ನೋಡಿದಳು. ಅದು ಕೃತಜ್ಞತೆಯ ನೋಟ, ಒಂದೇ ಅಂಗಡಿಯ ಇಬ್ಬರು ಪಾಲುದಾರರು ನೋಡಿಕೊಳ್ಳುವ ನೋಟ. ಅವಳು ನಾಚಿ ತಲೆ ತಗ್ಗಿಸಿದ್ದರೆ ಮುಂದಿನ ವಾರ ಅವನು ಬಂದರೂ ಬರುತ್ತಿದ್ದ. ಆ ನೋಟವನ್ನು ತಡೆಯಲಾಗದೆ ಹೊರಗೆ ನಡೆದ.

ಬಸ್ ನಿಲ್ದಾಣದಲ್ಲಿ ಚಪಲ ಕಿತ್ತುಕೊಂಡು ಬಂತು. ವೇಪ್ ತೆಗೆದು ಎಳೆದ. ರುಚಿ ಕೆಟ್ಟಿರಬಹುದೆಂದು ಕಾದ. ಕೆಟ್ಟಿರಲಿಲ್ಲ.

ಅಷ್ಟರಲ್ಲಿ ಬಸ್ಸು ಬಂತು. ಗ್ಯಾವಿನ್ ಬಾಗಿಲು ತೆರೆದು, ಬಾಯಿಗೆ ಬಂದ ತಮಾಷೆಯನ್ನು ತುಟಿಯಲ್ಲೇ ಹಿಡಿದು, ಅವನು ಹತ್ತಲೆಂದು ಕಾದ. ಡೆಸ್ ಕೈಸನ್ನೆ ಮಾಡಿ ಅವನನ್ನು ಮುಂದೆ ಕಳಿಸಿದ. ಆಮೇಲೆ ನಿಲ್ದಾಣದಿಂದ ಸರಿದು, ಪರಿಚಯದ ಡ್ರೈವರುಗಳು ಬಾರದ ಹಿಂದಿನ ಬೀದಿ ಹಿಡಿದು ಮನೆಯತ್ತ ನಡೆದ.