ಅಕ್ಕ ಮಾಡಿದ ದಾನ

ನನ್ನ ಹೆಂಡತಿ ತಿರುಮಲಮ್ಮನ ವರ್ಷಾಂತದ ಕರ್ಮಗಳು ಮುಗಿದ ತಿಂಗಳಲ್ಲೇ ಮಗ ಸುಶಮೀಂದ್ರ ಹಾಸಿಗೆ ಹಿಡಿದ. ಅವನು ಬಾದನಹಟ್ಟಿ ಶಾಲೆಯಲ್ಲಿ ಮೇಷ್ಟ್ರು. ಬಳ್ಳಾರಿಯಿಂದ ದಿನವೂ ಕುರುಗೋಡು ಬಸ್ಸು ಹತ್ತಿ ಹೋಗುತ್ತಿದ್ದವನು. ಮೈಮೇಲೆ ನೀಲಿ ಕಲೆಗಳು ಎದ್ದವು. ಹಲ್ಲುಜ್ಜಿದರೆ ರಕ್ತ ನಿಲ್ಲುತ್ತಿರಲಿಲ್ಲ. ಎಲುಬಿನೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ಬಿಟ್ಟಿದೆ ಎಂದರು ಬೆಂಗಳೂರಿನ ವೈದ್ಯೆ. ಔಷಧಿ ನಾಟಲಿಲ್ಲ. ರಕ್ತ ಹುಟ್ಟಿಸುವ ಕಾಂಡಕೋಶಗಳನ್ನು ಇನ್ನೊಬ್ಬರಿಂದ ತೆಗೆದು ಹಾಕಿದರೆ ಮಾತ್ರ ಉಳಿವು.

"ಒಡಹುಟ್ಟಿದವರು ಇದ್ದಾರಾ?" ಎಂದು ಕೇಳಿದರು.

"ಇಲ್ಲ" ಎಂದೆ.

ಅದು ನನ್ನ ಮನಸ್ಸಿಗೆ ಸುಳ್ಳಾಗಿರಲಿಲ್ಲ. ಎರಡನೆಯ ಮಗ ವಿಶ್ವಪ್ರಿಯನನ್ನು ಕೂಸಿದ್ದಾಗಲೇ ಸಿರುಗುಪ್ಪದ ನನ್ನ ಅಕ್ಕನಿಗೆ ದತ್ತು ಕೊಟ್ಟಿದ್ದೆವು. ಹೋಮದ ಮುಂದೆ 'ನ ಮಮ', ಇವನು ನನ್ನವನಲ್ಲ, ಎಂದು ನೀರು ಬಿಟ್ಟು ಕೊಟ್ಟ ಮಗು. ಅವನ ಗೋತ್ರ ಬೇರೆಯಾಯಿತು. ನನ್ನನ್ನು ಅವನು ಮಾವ ಎಂದೇ ಕರೆಯುತ್ತಾನೆ.

ದಾನಿಗಳ ನೋಂದಣಿಯಲ್ಲಿ ಪೂರ್ತಿ ಹೊಂದುವವರು ಸಿಗಲಿಲ್ಲ. "ಈಗ ಅರ್ಧ ಹೊಂದಿದರೂ ಮಾಡುತ್ತೇವೆ" ಎಂದರು ವೈದ್ಯೆ. "ತಂದೆಯದು ಅರ್ಧ ಹೊಂದುತ್ತದೆ. ಆದರೆ ನಿಮ್ಮ ವಯಸ್ಸು, ನಿಮ್ಮ ಹೃದಯ, ಎರಡೂ ನನಗೆ ಧೈರ್ಯ ಕೊಡುವುದಿಲ್ಲ. ಪ್ರಾಯದ ರಕ್ತಸಂಬಂಧಿಗಳು ಯಾರೂ ಇಲ್ಲವೇ?"

ಸುಶಮೀಂದ್ರನಿಗೆ ಮಕ್ಕಳಿಲ್ಲ. ಹೊರಗೆ ಬಂದೊಡನೆ ಸೊಸೆ ಶ್ರೀವಾಣಿ ನನ್ನ ಎದುರು ನಿಂತಳು.

"ಮಾವ, ಶಾಸ್ತ್ರಕ್ಕ ವಿಶ್ವಣ್ಣನ ಗೋತ್ರ ಬದಲಾಗಿರಬಹುದು. ಎಲುಬಿಗೆ ಯಾರು ಹೋಮ ಮಾಡ್ಯಾರ?"

"ಕೊಟ್ಟದ್ದನ್ನ ತಿರುಗಿ ಕೇಳೋದು ಪಾಪ, ವಾಣಿ."

"ಹಂಗಾದ್ರ ಕೇಳಬ್ಯಾಡ್ರಿ. ಸುಮ್ಮನ ಹೋಗಿ ಅವರ ಮನಿಯಾಗ ಕೂಡ್ರಿ."

ಹಾಗೇ ಮಾಡಿದೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ನೀರು ಕುಡಿದೆ. ಕಾಲುವೆಗೆ ನೀರು ಬಿಟ್ಟ ಸುದ್ದಿ ಮಾತಾಡಿದೆ. ಮತ್ತೆ ನೀರು ಕೇಳಿದೆ.

"ಲೇ ರಾಘ್ಯಾ, ಬಳ್ಳಾರಿಯಾಗ ನೀರಿಲ್ಲೇನು?" ಎಂದಳು. "ಕೇಳಲಿಕ್ಕೆ ಬಂದಿ, ಕೇಳು."

ವೈದ್ಯೆ ಹೇಳಿದ್ದನ್ನೆಲ್ಲ ಹೇಳಿದೆ. "ಆದ್ರ ಅಕ್ಕ, ನ ಮಮ ಅಂದು ಕೊಟ್ಟೀನಿ. ಅವನ ಮೈಯಾಗಿನ ಒಂದು ಹನಿ ಕೇಳಲಿಕ್ಕೂ ನನಗ ಅಧಿಕಾರ ಇಲ್ಲ."

"ನಿನಗಿಲ್ಲ, ಖರೆ. ನನಗ ಅದ ಅಲ್ಲ? ಮಗ ನಂದು. ಕೊಡಾಕಿ ನಾನು."

ಅಕ್ಕ ಎದ್ದು ದೇವರ ಮುಂದಿನ ಉದ್ಧರಣೆಯಲ್ಲಿ ನೀರು, ಒಂದು ತುಳಸಿ ದಳ ತಂದಳು. "ಹಿಡಿ ಕೈ. ಇದು ತಿರುಗಿ ಕೊಡೋದಲ್ಲ. ಇದು ಹೊಸಾ ದಾನ."

ಒಳಗಿನಿಂದ ವಿಶ್ವಪ್ರಿಯ ಬಂದು ಬಾಗಿಲಿಗೆ ಒರಗಿ ನಿಂತ. "ಅಮ್ಮಾ, ದಾನ ಆಗೋನಿಗೆ ಒಂದು ಮಾತು ಕೇಳೋ ಪದ್ಧತಿ ಇಲ್ಲೇನು?"

"ಒಲ್ಲೆ ಅಂತೀಯೇನು?"

"ಒಲ್ಲೆ ಯಾಕ ಅನ್ಲಿ? ಸೂಜಿ ಅಂದ್ರ ಅಂಜಿಕಿ, ಅಷ್ಟೇ. ನಡೀರಿ ಮಾವ."

ಕೊಟ್ಟರೂ ಹೊಂದಬೇಕಲ್ಲ. ಅಣ್ಣತಮ್ಮಂದಿರಲ್ಲಿ ಏನೂ ಹೊಂದದೆ ಹೋಗುವುದೂ ಉಂಟು ಎಂದಿದ್ದರು ವೈದ್ಯೆ. ವರದಿ ಬರುವವರೆಗೆ ರಾಯರ ಹೆಸರೊಂದೇ ನನ್ನ ಬಾಯಲ್ಲಿತ್ತು. ಅರ್ಧ ಹೊಂದಿತ್ತು. ತಮ್ಮನ ಕೋಶಗಳನ್ನು ಅಣ್ಣನ ರಕ್ತ ಹಗೆಯೆಂದು ಎಣಿಸುತ್ತದೆಯೇ ಎಂದೂ ಪರೀಕ್ಷಿಸಿದರು. ಹಗೆ ಇರಲಿಲ್ಲ. ವೈದ್ಯೆ ವಿಶ್ವಪ್ರಿಯನನ್ನೇ ಆರಿಸಿದರು.

ಸೂಜಿಗೆ ಅಂಜುವವನು ಇಡೀ ಹಗಲು ರಕ್ತದಿಂದ ಕೋಶ ಸೋಸುವ ಯಂತ್ರದ ಪಕ್ಕ ಕಣ್ಣು ಮುಚ್ಚಿ ಮಲಗಿದ. ಹಳೆಯ ಮಜ್ಜೆ ಸುಡುವ ಮದ್ದು ಮೊದಲೇ ಕೊಟ್ಟಿದ್ದ ಸುಶಮೀಂದ್ರನಿಗೆ ಆ ಕೋಶಗಳನ್ನು ಹನಿಸಿದರು. ಆಮೇಲೆ ಗಾಜಿನಾಚೆಯ ಕೋಣೆಯಲ್ಲಿ ಅವನು ಕೂದಲು ಉದುರಿ, ಬಾಯಿ ಹುಣ್ಣಾಗಿ, ಜ್ವರದಲ್ಲಿ ಬೆಂದ. ಎರಡು ವಾರ ರಕ್ತದ ಬಿಳಿಕಣಗಳು ಏಳಲೇ ಇಲ್ಲ. ಕೊನೆಗೆ ಒಂದು ಬೆಳಿಗ್ಗೆ ವೈದ್ಯೆ ನಗುತ್ತ ಬಂದರು. ತಮ್ಮನ ಕೋಶಗಳು ಅಣ್ಣನ ಎಲುಬಿನಲ್ಲಿ ಬೇರೂರಿದ್ದವು. ಕೆಲವು ತಿಂಗಳಲ್ಲಿ ಅವನ ರಕ್ತದ ಗುಂಪೇ ಬದಲಾಗಿ ವಿಶ್ವಪ್ರಿಯನದಾಯಿತು.

ಮರುವರ್ಷ ಮಾಘದಲ್ಲಿ ತಿರುಮಲಮ್ಮನ ಶ್ರಾದ್ಧಕ್ಕೆ ಸುಶಮೀಂದ್ರನೇ ಮಡಿಯುಟ್ಟು ಕುಳಿತ. ಪುರೋಹಿತ ವೆಂಕಣ್ಣ ಗೋತ್ರ ಹೇಳೆಂದಾಗ, "ಯಾವುದು ಹೇಳ್ಲಿ ಆಚಾರ್ರೇ, ಹುಟ್ಟಿದ್ದೋ, ರಕ್ತದ್ದೋ?" ಎಂದ.

"ಹುಟ್ಟಿದ್ದು ಹೇಳಪ್ಪ. ಆಸ್ಪತ್ರಿಯವರು ಪ್ರವರ ಬರದು ಕೊಟ್ಟಿಲ್ಲಲ್ಲ" ಎಂದರು ವೆಂಕಣ್ಣ.

ದತ್ತು ಹೋದವನಿಗೆ ಹೆತ್ತವಳ ಪಿಂಡದ ಹಕ್ಕಿಲ್ಲ. ವಿಶ್ವಪ್ರಿಯ ಕಂಬದ ಬಳಿ ಸರಿದು ನಿಂತಿದ್ದ. ಅಕ್ಕ ಅಡಿಗೆಮನೆಯಿಂದ ಇಣುಕಿದಳು.

"ದೂರ ಯಾಕ ನಿಂತಿ ವಿಶ್ವಾ? ಅವನ ಕೈಯಾಗ ಹರಿಯೋದು ನಿಂದೇ ರಕ್ತ. ನೋಡು, ಹೆಂಗ ಇಡ್ತದ."

ಸುಶಮೀಂದ್ರ ಪಿಂಡವಿಟ್ಟು ಎಳ್ಳುನೀರು ಬಿಟ್ಟ. ತಿರುಮಲಮ್ಮ ಆ ದಿನ ಇಬ್ಬರು ಮಕ್ಕಳ ಕೈಯಿಂದಲೂ ಉಂಡಳೆಂದೇ ನಾನು ನಂಬಿದ್ದೇನೆ.