ಕೂಸಿನ ಮನೆಯ ಕಟ್ಟೆ

"ಕೂಸಿನ ಹೆಸರು ಹೇಳ್ರಿ," ಎಂದಳು ಪಂಚಾಯ್ತಿಯ ಕೂಸಿನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಪಲ್ಲವಿ, ಹಾಜರಿ ಪುಸ್ತಕದಿಂದ ತಲೆ ಎತ್ತದೆ.

"ಸೀತವ್ವ."

"ಎಷ್ಟ ವರ್ಷದ್ದು?"

"ಎಂಬತ್ತು ದಾಟ್ಯಾವ."

ಪಲ್ಲವಿಯ ಪೆನ್ನು ನಿಂತಿತು. ಕಣ್ಣೆತ್ತಿದರೆ ಬಾಗಿಲಲ್ಲಿ ಮಾಳಿಂಗಪ್ಪ ನಿಂತಿದ್ದ. ಅವನ ಕೈ ಹಿಡಿದುಕೊಂಡು ಅವನ ತಾಯಿ ನಿಂತಿದ್ದಳು. ಸೀರೆ ಉಡಿಸಿದ್ದು ಗಂಡಸೆಂದು ನೋಡಿದೊಡನೆ ತಿಳಿಯುತ್ತಿತ್ತು. ನೆರಿಗೆಯೆಲ್ಲ ಒಂದೇ ಕಡೆ ಗುಂಪಾಗಿತ್ತು. ಆದರೆ ತಲೆಗೆ ಎಣ್ಣೆ ಹಚ್ಚಿ ನೀಟಾಗಿ ಬಾಚಿತ್ತು. ಮಾಳಿಂಗಪ್ಪನ ಇನ್ನೊಂದು ಕೈಯಲ್ಲಿ ಬುತ್ತಿ ಗಂಟು, ಒಂದು ಒಣ ಸೀರೆ.

"ಕಾಕಾ, ಮುಂಜಾನೆದ್ದು ಚಾಷ್ಟಿ ಮಾಡಬ್ಯಾಡ್ರಿ. ಇದು ಸಣ್ಣ ಕೂಸಗೋಳ ಮನಿ."

"ಚಾಷ್ಟಿ ಅಲ್ಲ ತಂಗಿ. ಪಂಚಾಯ್ತಿ ಗಾಡಿ ಮೈಕಿನ್ಯಾಗ ಒದರಕೋತ ಹೋತಲ್ಲ, ಮನ್ಯಾಗ ನೋಡಿಕೊಳ್ಳೋರು ಇಲ್ಲಂದ್ರ ನಾವು ನೋಡಿಕೋತೀವಿ, ನೀವು ನಿಶ್ಚಿಂತಿ ಕೆಲಸಕ್ಕ ಹೋಗ್ರಿ ಅಂತ. ಅದಕ್ಕ ಕರಕೊಂಡು ಬಂದೀನಿ. ಬುತ್ತಿ ನಾನs ತಂದೀನಿ. ಈಕಿ ಖಾರ ತಿನ್ನಂಗಿಲ್ಲ."

ಒಳಗೆ ಮಕ್ಕಳಿಗೆ ರವೆ ಗಂಜಿ ಕಾಸುತ್ತಿದ್ದ ಹನಮವ್ವ ಸೌಟು ಹಿಡಿದುಕೊಂಡೇ ಹೊರಗೆ ಇಣುಕಿ, ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ಪಲ್ಲವಿಗೂ ನಗು ಬಂತು. ಮಾಳಿಂಗಪ್ಪ ನಗಲಿಲ್ಲ. ಅವನು ನಿಜವಾಗಿಯೂ ಮಗುವನ್ನು ಬಿಡಲು ಬಂದವನಂತೆ ಒಳಗಿನ ಚಾಪೆ, ತೊಟ್ಟಿಲು, ನೀರಿನ ಗಡಿಗೆ ಎಲ್ಲವನ್ನೂ ಒಂದು ಸಲ ನೋಡಿಕೊಂಡ.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದದ್ದು ಅವರಿಬ್ಬರೇ. ಮಗಳನ್ನು ತಾಳಿಕೋಟೆಗೆ ಕೊಟ್ಟಿತ್ತು. ಅವಳಿಗೆ ಅವಳ ಅತ್ತೆಯೇ ಸಾಕಾಗಿದ್ದಳು. ಮಾಳಿಂಗಪ್ಪ ದಾವಲಮಲಿಕನ ನಿಂಬೆ ಅಂಗಳದಲ್ಲಿ ಕಾಯಿ ಆರಿಸಿ ಚೀಲ ತುಂಬುವವನು. ಸೀತವ್ವನೂ ಮೊದಲು ಅಲ್ಲಿಯೇ ದುಡಿದವಳು. ಈಗ ಅವಳಿಗೆ ಮಗನೇ ಒಮ್ಮೊಮ್ಮೆ ಅಣ್ಣನಾಗುತ್ತಿದ್ದ, ಒಮ್ಮೊಮ್ಮೆ ಯಾರೋ ಸಂಬಂಧಿಕನಾಗುತ್ತಿದ್ದ. ಕಣ್ಣು ತಪ್ಪಿಸಿದರೆ ಸಾಕು, "ನಮ್ಮ ಮನಿಗಿ ಹೋಗ್ತೇನಿ" ಎಂದು ರಸ್ತೆ ಹಿಡಿಯುತ್ತಿದ್ದಳು. ಹಿಂದೆಂದೂ ಚಿಲಕ ಬಿಟ್ಟು ಬೇರೇನೂ ಕಾಣದ ಬಾಗಿಲಿಗೆ ಮಾಳಿಂಗಪ್ಪ ಇಂಡಿ ಪಟ್ಟಣದ ಸಂತೆಯಿಂದ ದಪ್ಪನೆಯ ಕೀಲಿ ತಂದು ಹಾಕಿದ.

ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಓಣಿಯಲ್ಲೇ ಅವಳ ದನಿ ಕೇಳಿತು. ಬಾಗಿಲ ಸಂದಿಗೆ ಬಾಯಿಟ್ಟು ಹೋಗುವವರನ್ನೆಲ್ಲ ಬೇಡಿಕೊಳ್ಳುತ್ತಿದ್ದಳು: "ಯಪ್ಪಾ, ಯಾರರೆ ಬಾಗಿಲಾ ತಗೀರಿ. ನಾ ಏನೂ ಕದ್ದಿಲ್ಲ."

ಅಂದಿನಿಂದ ಅವನು ಕೀಲಿ ಹಾಕಲಿಲ್ಲ. ಹಾಕಲಿಲ್ಲ ಅಂದರೆ ಕೆಲಸಕ್ಕೆ ಹೋಗಲಿಲ್ಲ. ನಿನ್ನೆ ದಾವಲಮಲಿಕ ತಾನೇ ಮನೆಗೆ ಬಂದು, ಕಟ್ಟೆಯ ಮೇಲೆ ಕೂತು, ಚಹಾ ಕುಡಿದು, ಏಳುವಾಗ ಹೇಳಿದ: "ಬರಾಂವ ಇದ್ರ ನಾಳಿಂದ ಬಾ ಮಾಳಿಂಗಪ್ಪ. ಇಲ್ಲಂದ್ರ ಹೇಳಿಬಿಡು, ಬ್ಯಾರೆ ಆಳು ನೋಡ್ತೇನಿ. ಕಾಯಿ ನನ್ನ ಮಾತು ಕೇಳಂಗಿಲ್ಲ, ಕೊಳೀತಾವ."

ಮಾಳಿಂಗಪ್ಪ ಹೇಳಿದ ಈ ಮಾತನ್ನೆಲ್ಲ ಕೇಳಿಸಿಕೊಂಡ ಮೇಲೆ ಪಲ್ಲವಿ ನಗು ನುಂಗಿ, ಫೋನು ತೆಗೆದಳು. "ದೊಡ್ಡವ್ರನ್ನ ಒಳಗ ಇಟ್ಟಕೊಳ್ಳಾಕ ರೂಲ್ಸ್ ಇಲ್ಲ ಕಾಕಾ, ನಾ ಒಲ್ಲೆ. ಪರಶು ಅಣ್ಣಗ ಹೇಳ್ತೇನಿ ತಡೀರಿ. ಅಂಗವಿಕಲರದು, ವಯಸ್ಸಾದವ್ರದು ಎಲ್ಲಾ ಪಂಚಾಯ್ತಿಯೊಳಗ ಆತನs ನೋಡ್ತಾನ."

ಪರಶು ಬರುವಷ್ಟರಲ್ಲಿ ಒಳಗೆ ಜಗಳ ಎದ್ದಿತ್ತು. ಸೀತವ್ವ ಚಾಪೆಯ ಮೇಲೆ ಕೂತು ಮಕ್ಕಳ ಬಣ್ಣದ ಚೆಂಡುಗಳನ್ನು ದೊಡ್ಡವು ಒಂದು ಕಡೆ, ಸಣ್ಣವು ಒಂದು ಕಡೆ ಆರಿಸಿಟ್ಟಿದ್ದಳು. ಒಂದು ಹುಡುಗಿ ಬಂದು ಕೈಯಾಡಿಸಿತು. "ಆರಿಸಿದ್ದು ಕಲಸ್ತಿ?" ಎಂದು ಸೀತವ್ವ ಅದರ ಕೈಗೆ ಒಂದು ಬಿಟ್ಟಳು. ಅದು ಅತ್ತಿತು, ಅದನ್ನು ನೋಡಿ ಉಳಿದವೂ ಅತ್ತವು.

"ನೋಡಿದ್ರ್ಯಾ?" ಎಂದಳು ಪಲ್ಲವಿ, ಎರಡು ಕೂಸುಗಳನ್ನು ಎರಡೂ ಕಂಕುಳಿಗೆ ಹಾಕಿಕೊಂಡು. "ಅದಕ್ಕs ಒಲ್ಲೆ ಅಂದೆ."

ಮಾಳಿಂಗಪ್ಪ ತಲೆ ತಗ್ಗಿಸಿದ.

ಪರಶು ತನ್ನ ಮೂರು ಗಾಲಿಯ ಸ್ಕೂಟರನ್ನು ಕಟ್ಟೆಗೆ ಆನಿಸಿ ನಿಲ್ಲಿಸಿದ. ಚಿಕ್ಕಂದಿನಲ್ಲಿ ಪೋಲಿಯೋ ಆದ ಕಾಲು ಅವನದು. ಕೆಳಗಿಳಿಯದೆ ಎಲ್ಲ ಕೇಳಿಕೊಂಡ. "ಕಾಕಾ, ಇದು ಬರೇ ವಯಸ್ಸಲ್ಲ. ಮರೆವಿನ ರೋಗ ಇದ್ದೀತು. ಇದಕ್ಕ ಡಾಕ್ಟರ್ ಅದಾರ. ಹಿರ್ಯಾರ ಸಹಾಯವಾಣಿ ಅಂತ ಸರಕಾರದ್ದು ಫೋನ್ ಐತಿ, ಮೊದಲ ಕೇಳೋಣ" ಎಂದು ನಂಬರು ಒತ್ತಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿ ಮಾಳಿಂಗಪ್ಪನ ಕೈಗಿಟ್ಟ.

"ಅವರ ಆರೈಕೆ ಮಾಡುವವರು ಯಾರು ಸರ್?" ಆ ಕಡೆಯ ಹೆಣ್ಣುಮಗಳು ಕೇಳಿದಳು.

"ಆರೈಕಿ ಯಾರೂ ಮಾಡಂಗಿಲ್ರಿ," ಎಂದ ಮಾಳಿಂಗಪ್ಪ. ಆರೈಕೆ ಎಂದರೆ ಅವನ ಲೆಕ್ಕದಲ್ಲಿ ಬಾಣಂತಿಗೆ ಮಾಡುವಂಥದ್ದು. "ನಾನs ಜಳಕಾ ಮಾಡಸ್ತೇನಿ, ಉಣಸ್ತೇನಿ, ಸೀರಿ ಉಡಸ್ತೇನಿ. ರಾತ್ರಿ ಎದ್ದು ಹೋಗಬಾರ್ದಂತ ಆಕಿ ಸೆರಗ ನನ್ನ ಕೈಗಿ ಕಟಕೊಂಡು ಮಲಗ್ತೇನಿ. ಅಷ್ಟs."

"ಕಾಕಾ," ಎಂದ ಪರಶು ಮೆಲ್ಲಗೆ, "ಅದಕ್ಕs ಆರೈಕಿ ಅಂತಾರ."

ಹೆಣ್ಣುಮಗಳು ಬೇಸರವಿಲ್ಲದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ತಾಲ್ಲೂಕು ಆಸ್ಪತ್ರೆಗೆ ಈ ರೋಗ ನೋಡುವ ಡಾಕ್ಟರು ಯಾವ ದಿನ ಬರುತ್ತಾರೆಂದು ವಿಚಾರಿಸಿ ತಿಳಿಸುತ್ತೇನೆ, ತಪಾಸಣೆಯಾದ ಮೇಲೆ ಏನೇನು ಸಿಗುತ್ತದೆ ನೋಡೋಣ, ಅಲ್ಲಿಯವರೆಗೆ ಅವರ ಕೊರಳಿಗೆ ಹೆಸರು ಮತ್ತು ಫೋನ್ ನಂಬರಿನ ಚೀಟಿ ಹಾಕಿ ಎಂದಳು. ಮಾಳಿಂಗಪ್ಪ ಎಲ್ಲದಕ್ಕೂ ಹೌದ್ರಿ ಹೌದ್ರಿ ಎಂದ. ಫೋನು ಇಟ್ಟ ಮೇಲೆ ಪರಶುವಿನ ಮುಖ ನೋಡಿದ.

"ಎಲ್ಲಾ ಖರೆ ತಮ್ಮಾ. ಇವತ್ತ ಏನ್ಮಾಡ್ಲಿ?"

ಉತ್ತರ ಬಂದದ್ದು ಒಲೆಯ ಕಡೆಯಿಂದ.

"ರೂಲ್ಸ್ ಇರೂದು ಒಳಗಷ್ಟs ಅಲ್ಲೇನ?" ಎಂದಳು ಹನಮವ್ವ. "ಹೊರಗಿನ ಕಟ್ಟಿಗಿ ಏನ್ ರೂಲ್ಸ್ ಐತಿ? ಆಯಿ ಇಲ್ಲೇ ನೆರಳಾಗ ಕುಂದ್ರಲಿ. ನಾ ಹೊಸ್ತಿಲದಾಗ ಕುಂತ ಎರಡೂ ಕಡೆ ಕಣ್ಣಿಡ್ತೇನಿ. ಆದ್ರ ಆಕಿ ಕೈಗಿ ಏನರೆ ಕೆಲಸ ಬೇಕು. ಇಲ್ಲಂದ್ರ ಎದ್ದು ನಡೀತಾಳ, ನನ್ನಿಂದ ಓಡೂದ ಆಗಂಗಿಲ್ಲ."

ಮಾಳಿಂಗಪ್ಪ ಓಡಿದ. ದಾವಲಮಲಿಕನ ಅಂಗಳದಿಂದ ಬುಟ್ಟಿ ತುಂಬ ನಿಂಬೆಕಾಯಿ ತಂದು ತಾಯಿಯ ಮುಂದೆ ಸುರಿದ. ಸೀತವ್ವ ಒಂದು ಕಾಯಿ ಎತ್ತಿ ಹೆಬ್ಬೆರಳಿನಿಂದ ಒತ್ತಿದಳು. ಇನ್ನೊಂದನ್ನು ಎತ್ತಿದಳು. ಮಗ ಹೋದದ್ದನ್ನು ಅವಳು ನೋಡಲೇ ಇಲ್ಲ. ಸಂಜೆ ಅವನು ಬಂದಾಗ ಕಟ್ಟೆಯ ಮೇಲೆ ದೊಡ್ಡವು, ನಡುವಿನವು, ಸಣ್ಣವು, ಕೆಟ್ಟವು ಬೇರೆ ಬೇರೆ ಗುಂಪಾಗಿದ್ದವು. ಅವನು ಎಲ್ಲವನ್ನೂ ಮತ್ತೆ ಕಲಸಿ ಬುಟ್ಟಿಗೆ ತುಂಬಿದ, ನಾಳೆಗೆ ಬೇಕಲ್ಲ.

ಮುಂದೆ ಪರಶು ಅವರಿಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ಸೀತವ್ವನನ್ನು ನೋಡಿ ಗುಳಿಗೆ ಬರೆದರು. ಇದು ಪೂರ್ತಿ ವಾಸಿಯಾಗುವುದಲ್ಲ, ಆದರೆ ನಿಭಾಯಿಸಬಹುದು ಎಂದರು. ಆಮೇಲೆ, "ನಿದ್ದಿ ಹೆಂಗೈತಿ?" ಎಂದು ಕೇಳಿದರು.

"ನಡುರಾತ್ರಿ ಏಳ್ತಾಳ್ರಿ."

"ಅವ್ರದಲ್ಲ. ನಿಮ್ದು ಕೇಳಾಕತ್ತೇನಿ."

ಮಾಳಿಂಗಪ್ಪ ಬಾಯಿ ತೆರೆದ. ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ.

ಕಟ್ಟೆಯ ಸುದ್ದಿ ಓಣಿ ದಾಟಿತು. ಪಕ್ಕದ ಓಣಿಯ ಮುದುಕ ಶಂಕರೆಪ್ಪನನ್ನು ಅವನ ಸೊಸೆ ತಂದು ಕೂರಿಸಿದಳು. ಆತ ನಿಂಬೆ ಮುಟ್ಟುತ್ತಿರಲಿಲ್ಲ, ಆದರೆ ಸೀತವ್ವ ಆರಿಸುವುದನ್ನು ಮೇಸ್ತ್ರಿಯ ಹಾಗೆ ನೋಡಿ ತಪ್ಪು ಹುಡುಕುತ್ತಿದ್ದ. "ಸುಮ್ನ ಕುಂದ್ರೊ ಮುದುಕಾ" ಎಂದು ಅವಳು ಗದರುತ್ತಿದ್ದಳು. ಪಕ್ಕದ ಖಾಲಿ ಕೋಣೆಯನ್ನು ಹಿರಿಯರಿಗೆ ಕೊಡಬೇಕೆಂದು ಪರಶು ಪಂಚಾಯ್ತಿಗೆ ಅರ್ಜಿ ಹಾಕಿದ್ದ. ಮುಂದಿನ ಸಭೆಗೆ ಇಡುತ್ತೇವೆ ಎಂದಿದ್ದರು. ಇಡುವವರೆಗೂ ಕೇಳುತ್ತಲೇ ಇರುತ್ತೇನೆ ಎಂದು ಅವನೂ ಹೇಳಿ ಬಂದಿದ್ದ.

ಒಂದು ದಿನ ಬುಟ್ಟಿಯ ತಳ ಹರಿಯಿತು. ಮನೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಬುಟ್ಟಿಯನ್ನು ಎತ್ತಿಕೊಂಡು, ಅದರೊಳಗೆ ಏನಿದೆಯೆಂದು ನೋಡದೆ, ಮಾಳಿಂಗಪ್ಪ ಕಾಯಿ ತುಂಬಿ ತಾಯಿಯ ಮುಂದಿಟ್ಟು ಹೋದ. ಸಂಜೆ ಕಟ್ಟೆಯ ಹತ್ತಿರ ಬಂದಾಗ ಅವಳು ಬುಟ್ಟಿಯ ತಳ ಮುಟ್ಟಿದ್ದಳು. ಕೈಗೆ ಸಿಕ್ಕ ದಪ್ಪನೆಯ ವಸ್ತುವನ್ನು ಹೊರತೆಗೆದಳು. ಅವನು ಅಂದು ಬಾಗಿಲಿನಿಂದ ತೆಗೆದು, ಎಸೆಯಲೂ ಆಗದೆ, ಕಣ್ಣೆದುರು ಇಡಲೂ ಆಗದೆ ಆ ಬುಟ್ಟಿಗೆ ಹಾಕಿದ್ದ ಕೀಲಿ ಅದು.

ಮಾಳಿಂಗಪ್ಪ ನಿಂತಲ್ಲೇ ನಿಂತ.

ಸೀತವ್ವ ಕೀಲಿಯನ್ನು ಅಂಗೈಯಲ್ಲಿ ತೂಗಿ ನೋಡಿದಳು. ಹೆಬ್ಬೆರಳಿನಿಂದ ಒತ್ತಿದಳು. ಮೂಗಿಗೆ ಹಿಡಿದು ವಾಸನೆ ನೋಡಿ ಮುಖ ಕಿವುಚಿದಳು. ಆಮೇಲೆ ಅದನ್ನು ಕೆಟ್ಟ ಕಾಯಿಗಳ ಗುಂಪಿನೊಳಗೆ ಇಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ನಿಂತ ನೋಡ್ತಿ ಏನಣ್ಣಾ," ಎಂದಳು, ಮಗನಿಗೆ ತನ್ನ ಪಕ್ಕದಲ್ಲಿ ಜಾಗ ಮಾಡುತ್ತ. "ಕುಂದ್ರು. ಇನ್ನೂ ಅದಾವ."